ಬಿಸಿಜಿ, ನಾಯಿ, ಬೆಕ್ಕು: ಆಂಟಿಬಾಡಿ ಬಂತು ಅಂದ್ರೆ ಏನರ್ಥ?

ನಾಯಿ ಬೆಕ್ಕಿಗೆ ಅಂತಲೇ ಮಾಡಿದ ಟಿಬಿ ಲಸಿಕೆ ಅಂಗಡೀಲಿ ಸಿಗಲ್ಲ, ನಾವು ಓದೋದೆಲ್ಲ ಮನುಷ್ಯರಿಗೆ ಹಾಕೋ ಟಿಬಿ ಲಸಿಕೆ ಬಿಸಿಜಿ ಬಗ್ಗೆ. ಅದು ಬಲ ಕುಗ್ಗಿಸಿದ ಜೀವಂತ ಮೈಕೋಬ್ಯಾಕ್ಟೀರಿಯಂ ಬೋವಿಸ್ (ದನಗಳಿಗೆ ಟಿಬಿ ತರೋ ಬ್ಯಾಕ್ಟೀರಿಯಾ), ಮನುಷ್ಯರಿಗೆ ಮೊದಲು ಕೊಟ್ಟಿದ್ದು 1921ರಲ್ಲಿ. ನಮ್ಮ ಮಂಡ್ಯ ಕಡೆ ಹಾಲು ಕರೀತಾ ಕರೀತಾನೇ ಬೆಕ್ಕಿಗೂ ಒಂದಿಷ್ಟು ಹಸಿ ಹಾಲು ಹುಯ್ತಾರಲ್ಲ, ಹಸುಗೆ ಬೋವಿಸ್ ಇದ್ರೆ ಬೆಕ್ಕಿಗೆ ಬರೋ ಒಂದು ದಾರಿ ಅದೇ. ನಾಯಿಗೆ ಮನೇಲಿರೋ ಟಿಬಿ ಪೇಷಂಟಿಂದಲೂ ಬರಬಹುದು.

ಈಗ ತಲೆ ಕೆಡಿಸೋ ಜಾಗ. ರೇಬೀಸ್‌ನಲ್ಲಿ ಟೈಟರ್ (ರಕ್ತದಲ್ಲಿ ಆಂಟಿಬಾಡಿ ಎಷ್ಟಿದೆ ಅನ್ನೋ ಅಳತೆ) ಮಿಲೀಗೆ 0.5 ಐಯು ದಾಟಿದ್ರೆ ಲಸಿಕೆ ಹತ್ತಿದೆ ಅಂತೀವಿ. ಟಿಬೀಲಿ ಹಂಗೆ ಹೇಳೋಕೆ ಒಂದು ನಂಬರ್ ಇಲ್ಲ, ಯಾಕಂದ್ರೆ ಬ್ಯಾಕ್ಟೀರಿಯಾ ಮ್ಯಾಕ್ರೋಫೇಜ್ (ರೋಗಾಣು ನುಂಗೋ ರಕ್ಷಣಾ ಕೋಶ) ಒಳಗೇ ಕೂತಿರುತ್ತೆ, ರಕ್ತದಲ್ಲಿ ಓಡಾಡೋ ಆಂಟಿಬಾಡಿಗೆ ಅದು ಸಿಗೋದು ಕಷ್ಟ, ಮುಖ್ಯ ಕೆಲಸ ಟಿ ಸೆಲ್ ಅನ್ನೋ ಬಿಳಿ ರಕ್ತಕಣಗಳದ್ದು, ಅವು ಇಂಟರ್‌ಫೆರಾನ್ ಗಾಮಾ ಅನ್ನೋ ಸಂಕೇತ ಪ್ರೋಟೀನ್ ಬಿಟ್ಟು ಮ್ಯಾಕ್ರೋಫೇಜನ್ನ ಎಬ್ಬಿಸಬೇಕು. ಹಾಗಾಗಿ ಆಂಟಿಬಾಡಿ ಜಾಸ್ತಿ ಬಂತು ಅಂತ ರಕ್ಷಣೆ ಜಾಸ್ತಿ ಅನ್ನಂಗಿಲ್ಲ, ಬರ್ಲಿಲ್ಲ ಅಂತ ಲಸಿಕೆ ವೇಸ್ಟ್ ಅಂತಾನೂ ಅನ್ನಂಗಿಲ್ಲ.

ಎಲೈಸಾ (ಆಂಟಿಬಾಡಿ ಹುಡುಕೋ ಲ್ಯಾಬ್ ಟೆಸ್ಟ್) ರಿಸಲ್ಟ್ ಕೊಟ್ರೆ ನಾನು ಮೊದಲು ಕೇಳೋದು, ಪ್ಲೇಟ್‌ಗೆ ಹಚ್ಚಿರೋ ಆಂಟಿಜನ್ (ಆಂಟಿಬಾಡಿ ಹಿಡಿಯೋ ರೋಗಾಣುವಿನ ಭಾಗ) ಯಾವ್ದು? ಅರ್ಧ ಪ್ರಶ್ನೆ ಇಲ್ಲೇ ಬಿಡಿಸ್ಕೊಳುತ್ತೆ. ಪಿಪಿಡಿ ಆದ್ರೆ ಅದು ಟಿಬಿ ಬ್ಯಾಕ್ಟೀರಿಯಾದಿಂದ ತೆಗೆದ ನೂರೆಂಟು ಪ್ರೋಟೀನ್ ಸೇರಿದ ಮಿಶ್ರಣ, ಬಿಸಿಜೀಲೂ ಅವೇ ಇರೋದ್ರಿಂದ ಲಸಿಕೆ ಹಾಕಿದ ನಾಯೀನೂ ಪಾಸಿಟಿವ್ ಬರಬಹುದು, ಸೋಂಕಿರೋ ನಾಯೀನೂ ಬರಬಹುದು. ಇಸ್ಯಾಟ್-6, ಸಿಎಫ್‌ಪಿ-10 ಅನ್ನೋ ಪ್ರೋಟೀನ್ ಆದ್ರೆ ಕಥೆನೇ ಬೇರೆ: ಇವೆರಡರ ಜೀನ್ ಇರೋ ಆರ್‌ಡಿ1 ಅನ್ನೋ ಡಿಎನ್‌ಎ ತುಂಡು ಬಿಸಿಜಿ ತಯಾರಾಗುವಾಗಲೇ ಕಳಚಿ ಹೋಗಿದೆ, ಅಂದ್ರೆ ಬರೀ ಲಸಿಕೆಯಿಂದ ಇವುಗಳ ವಿರುದ್ಧ ಆಂಟಿಬಾಡಿ ಹುಟ್ಟೋಕೆ ಸಾಧ್ಯನೇ ಇಲ್ಲ. ನಡುವೆ ಸಿಕ್ಕಾಕೊಳ್ಳೋದು ಎಂಪಿಬಿ70, ಎಂಪಿಬಿ83 ಅನ್ನೋ ಪ್ರೋಟೀನ್‌ಗಳು. ಜೀನ್ ಬಿಸಿಜೀಲಿ ಇದೆ, ಆದ್ರೆ ಪಾಶ್ಚರ್, ಡೇನಿಷ್ ತಳಿಗಳು ಇವನ್ನ ತುಂಬಾ ಕಮ್ಮಿ ಮಾಡ್ತವೆ, ಟೋಕಿಯೋ ತಳಿ ಧಾರಾಳವಾಗಿ ಮಾಡುತ್ತೆ. ಅದಕ್ಕೇ ಯಾವ ತಳಿ ಹಾಕಿದ್ರು ಅಂತ ಗೊತ್ತಿಲ್ದೆ ಈ ಎರಡರ ರಿಸಲ್ಟ್‌ಗೆ ಅರ್ಥ ಹೇಳೋಕೆ ಹೋಗ್ಬೇಡಿ.

ಬೆಕ್ಕಲ್ಲಿ ಚರ್ಮದ ಟ್ಯೂಬರ್ಕುಲಿನ್ ಟೆಸ್ಟ್ (ಪಿಪಿಡಿ ಚುಚ್ಚಿ ಊತ ನೋಡೋದು) ನಂಬೋ ಹಾಗಿಲ್ಲ, ಅದಕ್ಕೇ ರಕ್ತದ ಇಂಟರ್‌ಫೆರಾನ್ ಗಾಮಾ ಟೆಸ್ಟ್ (ಟಿ ಸೆಲ್ ಅದನ್ನ ಬಿಡುತ್ತಾ ಅಂತ ನೋಡೋದು) ಮಾಡ್ತಾರೆ. ಆಂಟಿಬಾಡಿ ಟೆಸ್ಟ್‌ಗೆ ತೆಗೆದ ಸೀರಮ್ಮನ್ನ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ ದ್ರವ) ಫ್ರೀಜರ್‌ಗೆ ಹಾಕಿಡಬಹುದು, ಇದಕ್ಕೆ ಆಗಲ್ಲ, ಟಿ ಸೆಲ್ ಜೀವಂತ ಇರೋವಾಗಲೇ ರಕ್ತ ಲ್ಯಾಬ್ ಸೇರಬೇಕು.