ಒಳಗಿನ ಗೆರೆ ಲೆಕ್ಕಕ್ಕಿಲ್ಲ

4 ಸೆಂ.ಮೀ. ಬಾಹುವಿನ ಎರಡು ಚೌಕಗಳನ್ನು ಪಕ್ಕಪಕ್ಕ ಜೋಡಿಸಿ. ವಿಸ್ತೀರ್ಣ ಸುಲಭ: 16ಕ್ಕೆ 16 ಕೂಡಿಸಿದರೆ 32 ಚದರ ಸೆಂ.ಮೀ. ಒಂದೊಂದರ ಸುತ್ತಳತೆಯೂ 16 ಸೆಂ.ಮೀ. ತಾನೇ, ಅದನ್ನೂ ಕೂಡಿಸಿ 32 ಅಂದರೆ ಮಾತ್ರ ತಪ್ಪು. ಸರಿ ಉತ್ತರ 24. ಜೋಡಿಸಿದ ಅಂಚು ಎರಡೂ ಚೌಕಗಳದ್ದು. ಅದೀಗ ಒಳಗೆ ಸೇರಿಹೋಗಿದೆ. ಹಾಗಾಗಿ 4 ಅನ್ನು ಎರಡು ಸಲ ಕಳೆಯಬೇಕು.

ಸೂತ್ರ ಹುಡುಕುವ ಮೊದಲು ಚಿತ್ರದ ಹೊರ ಅಂಚಿನ ಮೇಲೆ ಬೆರಳಾಡಿಸಿ. ಬೆರಳು ಮುಟ್ಟಿದ್ದಷ್ಟೇ ಸುತ್ತಳತೆ. 10 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಆಯತದ ಅಗಲದ ಬದಿಗೆ ಒಂದು ಅರ್ಧವೃತ್ತ ಅಂಟಿದ್ದರೆ 10, 6, 10 ಮತ್ತು ಕಮಾನಿನ 9.42 ಕೂಡಿಸಿ, 35.42 ಆಯಿತು. ಕಮಾನಿನ ಕೆಳಗಿರುವ ವ್ಯಾಸವನ್ನೂ ಸೇರಿಸುವುದು ಪರೀಕ್ಷೆಯಲ್ಲಿ ಜಾಸ್ತಿ ಕಾಣುವ ತಪ್ಪು.

ನನಗೆ ತುಂಬ ಇಷ್ಟವಾದದ್ದು ಕತ್ತರಿಸುವ ಲೆಕ್ಕ. 10 × 8ರ ಹಾಳೆಯ ಸುತ್ತಳತೆ 36. ಅದರ ಒಂದು ಮೂಲೆಯಿಂದ 3 × 2ರ ಆಯತ ಕತ್ತರಿಸಿ ತೆಗೆಯಿರಿ. ಸುತ್ತಳತೆ ಎಷ್ಟು ಕಡಿಮೆಯಾಯಿತು? ಒಂದಿಷ್ಟೂ ಇಲ್ಲ! ಹೋದ 3 ಮತ್ತು 2ರ ಜಾಗಕ್ಕೆ ಒಳಗಡೆ ಅಷ್ಟೇ ಉದ್ದದ ಹೊಸ ಅಂಚುಗಳು ಬಂದವು. ಅದೇ ತುಂಡನ್ನು ಬದಿಯ ನಡುವಿನಿಂದ, 2 ಸೆಂ.ಮೀ. ಆಳಕ್ಕೆ ತೆಗೆದರೆ ಸುತ್ತಳತೆ 40ಕ್ಕೆ ಏರುತ್ತದೆ. ಎರಡೂ ಸಲ ಉಳಿದ ಹಾಳೆ 74 ಚದರ ಸೆಂ.ಮೀ.

ಓಟದ ಟ್ರ್ಯಾಕ್ ಕೂಡ ಇಂಥದೇ ಆಕೃತಿ: ಆಯತದ ಎರಡು ತುದಿಗೆ ಎರಡು ಅರ್ಧವೃತ್ತ. 400 ಮೀಟರಿನ ಸ್ಟ್ಯಾಂಡರ್ಡ್ ಟ್ರ್ಯಾಕಿನಲ್ಲಿ ನೇರ ಭಾಗ ತಲಾ 84.39 ಮೀಟರ್, ಒಳ ಅಂಚಿನ ತ್ರಿಜ್ಯ 36.5 ಮೀಟರ್. ಸುಮ್ನೆ ಕೂಡಿಸಿದರೆ ಸುಮಾರು 398 ಮೀಟರ್ ಬರುತ್ತದೆ, ಅಲ್ವಾ? ಓಟಗಾರರು ಅಂಚಿನ ಮೇಲೇ ಓಡುವುದಿಲ್ಲ. ಅದಕ್ಕೇ ಮೊದಲ ಲೇನನ್ನು ಅಂಚಿನಿಂದ 30 ಸೆಂ.ಮೀ. ಹೊರಗೆ ಅಳೆಯುತ್ತಾರೆ. ತ್ರಿಜ್ಯ 36.8 ಆಗುತ್ತದೆ, ಮೊತ್ತ 400ಕ್ಕೆ ಬಂದು ಕೂರುತ್ತದೆ.

ಲೇನಿನ ಅಗಲ 1.22 ಮೀಟರ್. ಎರಡನೇ ಲೇನನ್ನು ಅದರ ಒಳಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯುವುದರಿಂದ ತ್ರಿಜ್ಯ 1.12 ಮೀಟರ್ ಹೆಚ್ಚುತ್ತದೆ. ಅದನ್ನು 2π ಇಂದ ಗುಣಿಸಿದರೆ 7.04 ಮೀಟರ್. ಒಂದು ಸುತ್ತು ಪೂರ್ತಿ ತಮ್ಮ ಲೇನಿನಲ್ಲೇ ಓಡುವ ಸ್ಪರ್ಧೆಯಲ್ಲಿ ಎರಡನೆಯವರು ಅಷ್ಟು ಮುಂದೆ ನಿಲ್ಲುತ್ತಾರೆ. ನೇರ ಭಾಗ ಇನ್ನೂ ಉದ್ದವಿದ್ದರೂ ಈ 7.04 ಬದಲಾಗುವುದಿಲ್ಲ, ಅದೆಲ್ಲ ತಿರುವಿನ ಲೆಕ್ಕ.