ಹಾರಿಸಬೇಕೇ, ಹಾಗೆಯೇ ಉಳಿಸಬೇಕೇ?

ಎರಡನೇ ಮಹಾಯುದ್ಧದ ವಿಮಾನವೊಂದರ ಅವಶೇಷ ಸಿಕ್ಕಿತೆಂಬ ಸುದ್ದಿ ಬಂದರೆ ಸಾಕು, ‘ಅದು ಮತ್ತೆ ಹಾರುತ್ತದೆಯೇ?’ ಎಂದು ಜನ ಕೇಳುತ್ತಾರೆ. ಅದನ್ನು ಹಾರಿಸಬೇಕೇ ಎಂಬುದನ್ನು ಹಳೆಯ ವಿಮಾನಗಳ ದುರಸ್ತಿ ಮಾಡುವ ನಾವು ಅದಕ್ಕೂ ಮೊದಲು ತೀರ್ಮಾನಿಸಬೇಕಾಗುತ್ತದೆ. ಹಾರಿಸಲು ಹೊರಟವರು ಹಳೆಯ ಲೋಹವನ್ನು ನಂಬುವಂತಿಲ್ಲ, ಉಳಿಸಲು ಹೊರಟವರು ಅದನ್ನು ಬಿಸಾಡುವಂತಿಲ್ಲ. ಮೊದಲ ರಿವೆಟ್ ಕಳಚುವ ಮುಂಚೆಯೇ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು.

ಆ ಕಾಲದ ಬಹುಪಾಲು ಯುದ್ಧವಿಮಾನಗಳ ಮೈ ಡ್ಯುರಾಲುಮಿನ್‌ನದು, ಅಂದರೆ ಸುಮಾರು ಶೇ. 4ರಷ್ಟು ತಾಮ್ರ ಬೆರೆಸಿದ ಅಲ್ಯೂಮಿನಿಯಂ. ಅದಕ್ಕೆ ಬಲ ಕೊಟ್ಟಿದ್ದು ತಾಮ್ರವೇ, ಸವೆತಕ್ಕೆ ಸುಲಭದ ತುತ್ತಾಗಿಸಿದ್ದೂ ತಾಮ್ರವೇ. ತಗಡಿನ ಮೇಲ್ಮೈ ಚೊಕ್ಕಟವಾಗಿ ಕಾಣುತ್ತಿರುವಾಗಲೂ ಸವೆತ ಒಳಗೊಳಗೇ ಲೋಹದ ಕಣಗಳ ನಡುವಿನ ಗಡಿಗುಂಟ ಹರಿದಿರಬಹುದು. ಮುಂದೆ ಅದು ನೀರಲ್ಲಿ ನೆನೆದ ಪುಸ್ತಕದಂತೆ ಪದರ ಪದರವಾಗಿ ಉಬ್ಬಿಕೊಳ್ಳುತ್ತದೆ. ಉಕ್ಕಿನ ಬೋಲ್ಟ್ ಇರುವ ಕಡೆ ಸುತ್ತಲಿನ ಅಲ್ಯೂಮಿನಿಯಂ ಇನ್ನೂ ಬೇಗ ಕರಗುತ್ತದೆ. ಮೆಗ್ನೀಸಿಯಂ ಎರಕದ ಭಾಗಗಳಂತೂ ಸಮುದ್ರದ ನೀರಿನಲ್ಲಿ ಹೆಚ್ಚು ಕಾಲ ಉಳಿಯುವುದೇ ಇಲ್ಲ.

ಹಾಗಾಗಿ ವಿಮಾನ ಬಿದ್ದಿದ್ದ ಜಾಗವೇ ಅರ್ಧ ಉತ್ತರ ಹೇಳಿಬಿಡುತ್ತದೆ. 1940ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಗುಡ್ವಿನ್ ಮರಳುದಿಬ್ಬದ ಬಳಿ ಬಿದ್ದ ಜರ್ಮನಿಯ ಡಾರ್ನಿಯರ್ 17 ಬಾಂಬರನ್ನು 2013ರ ಜೂನ್‌ನಲ್ಲಿ ಮೇಲೆತ್ತಿದರು. ಉಪ್ಪುನೀರಿನಲ್ಲಿದ್ದ ಲೋಹಕ್ಕೆ ಗಾಳಿ ತಗಲಿದೊಡನೆ ಒಳಗೆ ಸೇರಿಕೊಂಡಿದ್ದ ಕ್ಲೋರೈಡ್ ಸವೆತದ ವೇಗ ಹೆಚ್ಚಿಸುತ್ತದೆ. ಅದಕ್ಕೇ ಬ್ರಿಟನ್ನಿನ ಕಾಸ್ಫರ್ಡ್ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಆ ವಿಮಾನವನ್ನು ಪ್ಲಾಸ್ಟಿಕ್ ಸುರಂಗದಂತಹ ಮಂಟಪದೊಳಗಿಟ್ಟು, ಸಿಟ್ರಿಕ್ ಆಮ್ಲ ಬೆರೆಸಿದ ನೀರನ್ನು ದೀರ್ಘಕಾಲ ಸಿಂಪಡಿಸಿದರು. ಆಮ್ಲ ಹೆಚ್ಚಾದರೂ ಅಲ್ಯೂಮಿನಿಯಂ ಕರಗುತ್ತದೆ, ಕ್ಷಾರ ಹೆಚ್ಚಾದರೂ ಕರಗುತ್ತದೆ. ಹದ ತಪ್ಪದಂತೆ ಕಾಯುವುದೇ ಅಲ್ಲಿನ ಕೆಲಸ. ಆ ವಿಮಾನವನ್ನು ಹಾರಿಸುವ ಮಾತೇ ಇರಲಿಲ್ಲ. ಅದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ.

ಮಂಜುಗಡ್ಡೆಯ ಕಥೆ ಬೇರೆ. 1942ರ ಜುಲೈನಲ್ಲಿ ಅಮೆರಿಕದ ಆರು ಪಿ-38 ಯುದ್ಧವಿಮಾನಗಳು ಮತ್ತು ಎರಡು ಬಿ-17 ಬಾಂಬರ್‌ಗಳು ಗ್ರೀನ್‌ಲ್ಯಾಂಡ್‌ನ ಹಿಮದ ಮೇಲೆ ಇಳಿಯಬೇಕಾಯಿತು. ಅವುಗಳಲ್ಲೊಂದು ಪಿ-38 ಅನ್ನು 1992ರಲ್ಲಿ ಸುಮಾರು 80 ಮೀಟರ್ ಆಳದಿಂದ, ಹಿಮ ಕರಗಿಸಿ ಬಾವಿ ಕೊರೆದು, ಬಿಡಿ ಬಿಡಿಯಾಗಿ ಮೇಲೆ ತಂದರು. ತಣ್ಣನೆಯ ಹಿಮ ಸವೆತವನ್ನು ತಡೆದಿತ್ತು, ಆದರೆ ಅದರ ಭಾರ ಲೋಹವನ್ನು ತಿರುಚಿತ್ತು. ಅದನ್ನು ಸರಿಪಡಿಸಲು ಹತ್ತು ವರ್ಷ ಹಿಡಿಯಿತು. ‘ಗ್ಲೇಸಿಯರ್ ಗರ್ಲ್’ ಎಂಬ ಹೆಸರಿನಲ್ಲಿ ಅದು 2002ರ ಅಕ್ಟೋಬರ್‌ನಲ್ಲಿ ಮತ್ತೆ ಹಾರಿತು.

ಹಾರಿಸುವುದೆಂದು ನಿರ್ಧರಿಸಿದರೆ ಕರುಣೆಗೆ ಜಾಗವಿಲ್ಲ. ಬಿರುಕು ಹುಡುಕುವ ಬಣ್ಣದ ದ್ರವ, ಎಕ್ಸ್‌ರೇ, ಎಡ್ಡಿ ವಿದ್ಯುತ್ (ಲೋಹದೊಳಗೆ ಸುಳಿಯುವ ವಿದ್ಯುತ್) ಪರೀಕ್ಷೆ ಎಲ್ಲ ಮುಗಿದ ಮೇಲೂ ರೆಕ್ಕೆಯ ಭಾರ ಹೊರುವ ಮುಖ್ಯ ತೊಲೆಯಾದ ಸ್ಪಾರ್ ಬಗ್ಗೆ ಅನುಮಾನ ಉಳಿದರೆ ಹೊಸದನ್ನೇ ಮಾಡಿಸಬೇಕು. ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್‌ನ ಸ್ಪಾರ್ ಒಂದರೊಳಗೊಂದು ಕೂರಿಸಿದ ಚೌಕಾಕಾರದ ಕೊಳವೆಗಳಿಂದಾದದ್ದು. ಒಳಗಿನ ಕೊಳವೆಗಳ ಸಂದಿಯಲ್ಲಿ ಏನಾಗಿದೆಯೆಂದು ಹೊರಗಿನಿಂದ ತಿಳಿಯುವುದು ಕಷ್ಟ. ಪೈಲಟ್‌ನ ಜೀವ ನೇತಾಡುವ ಭಾಗದಲ್ಲಿ ‘ಬಹುಶಃ ಗಟ್ಟಿಯಿದೆ’ ಎನ್ನುವ ಹಕ್ಕು ಯಾರಿಗೂ ಇಲ್ಲ. ಬ್ರಿಟನ್ನಿನದೇ ಇನ್ನೊಂದು ವಿಮಾನ ಮಸ್ಕಿಟೋದ ಮೈಯಂತೂ ಮರದ್ದು. 2012ರಲ್ಲಿ ನ್ಯೂಜಿಲೆಂಡ್‌ನಲ್ಲಿ ಹಾರಿದ ಕೆಎ114 ಸಂಖ್ಯೆಯ ಮಸ್ಕಿಟೋ, ಅದಕ್ಕೂ ಮೊದಲು ಕೆನಡಾದ ಹೊಲವೊಂದರಲ್ಲಿ ಕೊಳೆಯುತ್ತಿತ್ತು. ಮರದ ದೇಹವನ್ನು ಹೊಸ ಅಚ್ಚುಗಳ ಮೇಲೆ ಹೊಸದಾಗಿಯೇ ಕಟ್ಟಿದರು.

ಹಾಗಾದರೆ ಅದು ಅದೇ ವಿಮಾನವೇ? ಈ ಪ್ರಶ್ನೆಗೆ ನಾವು ನೇರವಾಗಿ ಉತ್ತರಿಸಲೇಬೇಕು. ಗುರುತಿನ ಫಲಕವೂ ಕೆಲವು ಹಳೆಯ ಭಾಗಗಳೂ ಉಳಿದು ಮಿಕ್ಕದ್ದೆಲ್ಲ ಹೊಸ ಲೋಹವಾಗಿದ್ದರೆ, ಹಾಗೆಂದೇ ಬರೆದು ಹಾಕಬೇಕು. ಹೊಸದಾಗಿ ಕಟ್ಟಿದ ವಿಮಾನದ ಹಾರಾಟಕ್ಕೂ ಬೆಲೆಯಿದೆ. ಸ್ಪಿಟ್‌ಫೈರ್, ಮಸ್ಕಿಟೋಗಳಲ್ಲಿದ್ದ ಮರ್ಲಿನ್ ಎಂಜಿನ್ನಿನ ದನಿ ಕೇಳಿದವರಿಗೆ ಅದನ್ನು ವಿವರಿಸಬೇಕಿಲ್ಲ. ಆದರೆ ಅವಶೇಷವೆಂದರೆ ಸಾಕ್ಷ್ಯ. 1989ರಲ್ಲಿ ಲೆನಿನ್‌ಗ್ರಾಡ್ ಸಮೀಪದ ಕಾಡಿನಲ್ಲಿ ಪತ್ತೆಯಾದ ಜರ್ಮನಿಯ ಯುದ್ಧವಿಮಾನ ಫೋಕೆವುಲ್ಫ್ 190 ಅನ್ನು ಬಿಚ್ಚಿದಾಗ, ಅದರ ಎಣ್ಣೆಯ ವ್ಯವಸ್ಥೆಯಲ್ಲಿ ಬಟ್ಟೆಯ ಚೂರು ಸಿಕ್ಕಿತು. ಕಾರ್ಖಾನೆಯಲ್ಲೇ ಯಾರೋ ಬೇಕೆಂದು ತುರುಕಿದ್ದರೆಂದು ದುರಸ್ತಿ ಮಾಡಿದವರು ಅನುಮಾನಿಸಿದರು. ಅವಸರದಲ್ಲಿ ಕೊಳವೆಗಳನ್ನು ಕತ್ತರಿಸಿ ಗುಜರಿಗೆ ಹಾಕಿದ್ದರೆ ಆ ಸುಳಿವೇ ಸಿಗುತ್ತಿರಲಿಲ್ಲ.

ಕಾಕ್‌ಪಿಟ್‌ಗೆ ಕೈ ಹಾಕುವ ಮುನ್ನ ಎಚ್ಚರ ಬೇಕು: ಹೊಳೆಯುವ ಮಾಪಕಗಳಲ್ಲಿ ರೇಡಿಯಂ ಇರುತ್ತದೆ, ಮದ್ದುಗುಂಡು ಇನ್ನೂ ಜೀವಂತವಿರಬಹುದು. ಮನುಷ್ಯರ ಅವಶೇಷ ಕಂಡರೆ ಆ ಕ್ಷಣವೇ ಕೆಲಸ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಬೇಕು. ಬ್ರಿಟನ್ನಿನಲ್ಲಂತೂ 1986ರ ಕಾಯ್ದೆಯ ಪ್ರಕಾರ, ಸೇನಾ ವಿಮಾನ ಬಿದ್ದ ಜಾಗವನ್ನು ಪರವಾನಗಿ ಇಲ್ಲದೆ ಅಗೆಯುವಂತಿಲ್ಲ.

ನಮ್ಮ ಕಾರ್ಯಾಗಾರದ ನಿಯಮವಿಷ್ಟು: ಕಳಚುವ ಮುನ್ನ ಪ್ರತಿ ಭಾಗದ ಫೋಟೊ, ಕಳಚಿದ ಮೇಲೆ ಅದಕ್ಕೊಂದು ಚೀಟಿ. ಹೊಸದಾಗಿ ಮಾಡಿದ ಭಾಗದ ಮೇಲೆ ಮಾಡಿದ ವರ್ಷದ ಅಚ್ಚು ಬೀಳಲೇಬೇಕು. ಹಾರಾಟಕ್ಕೆ ಒದಗದ ಹಳೆಯ ಸ್ಪಾರ್ ಕೂಡ ಗುಜರಿಗೆ ಹೋಗುವುದಿಲ್ಲ; ದಾಖಲೆಯೊಂದಿಗೆ ಕಪಾಟು ಸೇರುತ್ತದೆ.