ಮನೆ ಮುಂದೆ ಬೈಕ್ ಬಿದ್ದಾಗ ಮೊದಲ ಹತ್ತು ನಿಮಿಷ

ಚಿಕ್ಕಮಗಳೂರಿನಲ್ಲಿ ಗ್ಯಾರೇಜ್ ಇಟ್ಟವನ ಹತ್ತಿರ ಗಿರಿ ರಸ್ತೆಯಲ್ಲಿ ಬಿದ್ದ ಬೈಕುಗಳೇ ಜಾಸ್ತಿ ಬರುತ್ತವೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗನ್ನಿಸುವುದು ಸಹಜ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ, ಕಿರಿದಾದ ದಾರಿ, ಮೇಲೆ ಮಂಜು. ಆದರೆ ಕ್ಲಚ್ ಲಿವರ್ ಮುರಿದು, ಇಂಡಿಕೇಟರ್ ಒಡೆದು, ಗಿಯರ್ ಲಿವರ್ ಒಳಕ್ಕೆ ಬಾಗಿ ನನ್ನ ಹತ್ತಿರ ಬರುವ ಬೈಕುಗಳಲ್ಲಿ ಬಹಳಷ್ಟು ಬಿದ್ದಿರುವುದು ಮನೆ ಮುಂದೆ. ಗಿರಿಯ ತಿರುವುಗಳನ್ನೆಲ್ಲ ಸಲೀಸಾಗಿ ಇಳಿದು ಬಂದವರು ಗೇಟು ದಾಟಿ ಪೋರ್ಟಿಕೋ ಒಳಗೆ ಬೀಳಿಸಿಕೊಳ್ಳುತ್ತಾರೆ. ಗಾಡಿ ಓಡುತ್ತಿದ್ದರೆ ತಾನೇ ನೆಟ್ಟಗೆ ಇರುತ್ತದೆ. ನಿಂತ ಗಾಡಿಯನ್ನು ನೆಟ್ಟಗೆ ಇಡಬೇಕಾದವರು ನಾವೇ.

ನಿಂತಲ್ಲೇ ವಾಲಿ ಬಿದ್ದಾಗ ಆಗುವ ನಷ್ಟ ಸಾಮಾನ್ಯವಾಗಿ ಸಣ್ಣದು. ಒಂದು ಲಿವರ್, ಒಂದು ಮಿರರ್, ಟ್ಯಾಂಕಿನ ಮೇಲೊಂದು ಗೀರು. ದೊಡ್ಡ ಖರ್ಚು, ದೊಡ್ಡ ನೋವು ಬರುವುದು ಆಮೇಲಿನ ಹತ್ತು ನಿಮಿಷದಲ್ಲಿ. ಎದುರು ಮನೆಯವರು ನೋಡಿಬಿಟ್ಟರೇನೋ ಅಂತ ನಾಚಿಕೆ. ದಡಬಡ ಎತ್ತುತ್ತಾರೆ, ಸೊಂಟ ಹಿಡಿದುಕೊಳ್ಳುತ್ತದೆ. ಏನೂ ಆಗಿಲ್ಲ ಅಂತ ನೋಡಿಕೊಳ್ಳಲು ಕೂಡಲೇ ಸೆಲ್ಫ್ ಒತ್ತುತ್ತಾರೆ, ಎಂಜಿನ್ ಕೆಡುತ್ತದೆ. ಬಾಗಿದ ಲಿವರನ್ನು ಕೈಯಲ್ಲೇ ಎಳೆದು ಮುರಿಯುತ್ತಾರೆ. ಈ ಅವಸರ ಬೇಡ ಅನ್ನುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲನೆಯ ಅವಸರ ಬೀಳುವ ಹೊತ್ತಿಗೇ ಶುರುವಾಗುತ್ತದೆ. ಬೀಳುತ್ತಿರುವ ಬೈಕನ್ನು ಹಿಡಿದು ನಿಲ್ಲಿಸಲು ನೋಡುತ್ತೇವೆ. ಕ್ಲಾಸಿಕ್ 350 ಬುಲೆಟ್ ಸುಮಾರು 195 ಕೆಜಿ. ಅದು ಚೂರೇ ವಾಲಿದಾಗ ಹ್ಯಾಂಡಲ್ ಹಿಡಿದ ಕೈಗೆ ಬೀಳುವ ಭಾರ ಎಂಟು ಹತ್ತು ಕೆಜಿ ಅಷ್ಟೇ. ಅರ್ಧಕ್ಕೆ ವಾಲಿದಾಗ ಅದೇ ಭಾರ ಅರವತ್ತು ಎಪ್ಪತ್ತು ಕೆಜಿ ಆಗಿರುತ್ತದೆ. ನಡುವೆ ಸಿಗುವ ಸಮಯ ಒಂದು ಸೆಕೆಂಡೂ ಇಲ್ಲ. ಸುಮಾರು 112 ಕೆಜಿಯ ಸ್ಪ್ಲೆಂಡರ್ ಆದರೂ ಲೆಕ್ಕ ಹೀಗೇ. ಹಾಗಾಗಿ ಶುರುವಿನಲ್ಲಿ ತಡೆಯಲು ಆದರೆ ತಡೆಯಿರಿ. ಕೈಗೆ ಭಾರ ಅನ್ನಿಸಿತೋ, ಬಿಟ್ಟುಬಿಡಿ. ಕಾಲು ದೂರ ತೆಗೆದು ಹಿಂದೆ ಸರಿಯಿರಿ. ಲಿವರ್ ಯಾವ ಅಂಗಡಿಯಲ್ಲೂ ಸಿಗುತ್ತದೆ, ಭುಜದ ನರ ಎಳೆದುಕೊಂಡರೆ ತಿಂಗಳುಗಟ್ಟಲೆ ಒದ್ದಾಡಬೇಕು.

ಕಾಲು ಅಡಿಯಲ್ಲಿ ಸಿಕ್ಕಿಕೊಂಡರೆ ಜಗ್ಗಿ ಎಳೆಯಬೇಡಿ, ಯಾರನ್ನಾದರೂ ಕೂಗಿ ಕರೆಯಿರಿ. ಸೈಲೆನ್ಸರ್ ತಾಗಿ ಸುಟ್ಟಿದ್ದರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ಇಂಕು ಯಾವುದೂ ಬೇಡ. ಬೊಬ್ಬೆ ದೊಡ್ಡದಾಗಿದ್ದರೆ ಡಾಕ್ಟರ ಹತ್ತಿರ ಹೋಗಿ.

ಬೈಕ್ ಬಿತ್ತು, ನೀವು ಹುಷಾರಾಗಿದ್ದೀರಿ. ಈಗ ಮಾಡಬೇಕಾದದ್ದು ಕೀ ಆಫ್ ಮಾಡುವುದು. ಈಗಿನ ಎಷ್ಟೋ ಫ್ಯುಯೆಲ್ ಇಂಜೆಕ್ಷನ್ ಬೈಕುಗಳಲ್ಲಿ ಬಿದ್ದದ್ದನ್ನು ಗುರುತಿಸುವ ಸೆನ್ಸರ್ ಇರುತ್ತದೆ, ಎಂಜಿನ್ ತಾನೇ ನಿಲ್ಲುತ್ತದೆ. ಆದರೂ ಕೀ ಆಫ್ ಮಾಡಿ. ಎತ್ತಿದ ಮೇಲೆ ಸ್ಟಾರ್ಟ್ ಆಗದೆ ಇರಲು ಈ ಸೆನ್ಸರೂ ಒಂದು ಕಾರಣ. ಕೀ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಅದು ಸರಿಹೋಗುತ್ತದೆ. ಹಳೇ ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ. ಟ್ಯಾಂಕಿನ ಮುಚ್ಚಳದಿಂದಲೋ ಕಾರ್ಬುರೇಟರ್ ಪೈಪಿನಿಂದಲೋ ಪೆಟ್ರೋಲ್ ಸೋರುತ್ತಿದ್ದರೆ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಬೈಕ್ ನಿಲ್ಲಿಸುವ ಜಾಗದ ಪಕ್ಕದಲ್ಲೇ ನೀರೊಲೆ ಇರುತ್ತದೆ. ಒಲೆಯಲ್ಲಿ ಕೆಂಡ ಇದ್ದರೆ ಮನೆಯವರನ್ನೆಲ್ಲ ಹೊರಗೆ ಕರೆದು, ಬೈಕಿಗಿಂತ ಮೊದಲು ಒಲೆಯ ಕಡೆ ಗಮನ ಕೊಡಿ.

ಇನ್ನು ಎತ್ತುವುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ನೋಡಿದವರೆಲ್ಲ ತಪ್ಪಾಗಿಯೇ ಎತ್ತುತ್ತಾರೆ.

ಆಲ್ದೂರು ಕಡೆಯ ತೋಟವೊಂದರ ರೈಟ್ರು, ಅಂದರೆ ಲೆಕ್ಕ ಬರೆಯುವವರು, ಕಳೆದ ಮಳೆಗಾಲದಲ್ಲಿ ಮನೆ ಮುಂದೆ ಬುಲೆಟ್ ಬೀಳಿಸಿದ್ದರು. ಬೈಕಿನ ಎದುರು ನಿಂತು, ಬಗ್ಗಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಎಳೆದರಂತೆ. ಬೈಕ್ ಎದ್ದಿತು. ನನ್ನ ಹತ್ತಿರ ಅದನ್ನು ತಂದವನು ಅವರ ಮಗ. "ಅಪ್ಪ ಬರೋಕಾಗ್ಲಿಲ್ಲಣ್ಣ, ಮಂಚ ಬಿಟ್ಟು ಏಳೋಕೇ ಆಗ್ತಿಲ್ಲ" ಅಂದ. ಬೈಕಿಗೆ ಬೇಕಾದದ್ದು ಒಂದು ಕ್ಲಚ್ ಲಿವರ್ ಮಾತ್ರ.

ಬೈಕಿಗೆ ಬೆನ್ನು ಕೊಟ್ಟು ಎತ್ತಬೇಕು. ಮೊದಲು ನೆಲ ನೋಡಿ. ಪೆಟ್ರೋಲ್, ಆಯಿಲ್, ನೀರು ಚೆಲ್ಲಿದ್ದರೆ ಒರೆಸಿ, ಇಲ್ಲವೇ ಒಂದು ಗೋಣಿಚೀಲ ಹಾಸಿ. ಚಕ್ರ ಉರುಳದ ಹಾಗೆ ಕಲ್ಲು ಅಡ್ಡ ಇಡಿ. ಕೈಗೆ ಸಿಕ್ಕಿದರೆ ಬೈಕನ್ನು ಒಂದನೇ ಗಿಯರಿಗೆ ಹಾಕಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಪೂರ್ತಿ ಹೊರಗೆ ತೆಗೆದಿಡಿ. ಎದ್ದ ಬೈಕ್ ಆ ಕಡೆ ವಾಲಿದರೂ ಸ್ಟ್ಯಾಂಡ್ ಮೇಲೆ ನಿಲ್ಲುತ್ತದೆ. ಈಗ ಕೆಳಗಿರುವ ಕಡೆಯ ಹ್ಯಾಂಡಲ್ ತುದಿಯನ್ನು ಟ್ಯಾಂಕಿನ ಕಡೆಗೆ ಪೂರ್ತಿ ತಿರುಗಿಸಿ. ಬೈಕಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕುಳಿತು, ಸೀಟಿನ ಅಂಚಿಗೆ ಸೊಂಟದ ಕೆಳಭಾಗ ಒತ್ತಿಕೊಳ್ಳಿ. ಒಂದು ಕೈಯಲ್ಲಿ ಆ ಹ್ಯಾಂಡಲ್ ತುದಿ, ಇನ್ನೊಂದು ಕೈಯಲ್ಲಿ ಹಿಂದಿನ ಹಿಡಿಯೋ ಫ್ರೇಮಿನ ಕಬ್ಬಿಣವೋ ಇರಲಿ. ಇಂಡಿಕೇಟರ್, ಪ್ಲಾಸ್ಟಿಕ್ ಹಿಡಿಯಬೇಡಿ, ಬಿಸಿ ಸೈಲೆನ್ಸರ್ ಎಲ್ಲಿದೆ ನೋಡಿಕೊಳ್ಳಿ. ಬೆನ್ನು ನೆಟ್ಟಗಿರಲಿ. ಕಾಲಿನ ಬಲದಲ್ಲಿ ತಳ್ಳುತ್ತಾ ಹಿಂದಕ್ಕೆ ಪುಟ್ಟ ಪುಟ್ಟ ಹೆಜ್ಜೆ ಇಡಿ. ತೊಡೆಗೆ ಭಾರ ಬೀಳುತ್ತಿದೆ, ಸೊಂಟಕ್ಕೆ ಬೀಳುತ್ತಿಲ್ಲ ಅನ್ನಿಸಿದರೆ ಸರಿಯಾಗಿದೆ ಅಂತ ಅರ್ಥ.

ಕೊನೆಯ ಗೇಣು ಬಹಳ ನಿಧಾನ. ನೆಟ್ಟಗಾಗುತ್ತಾ ಬಂದ ಹಾಗೆ ಭಾರ ಕಡಿಮೆಯಾಗುತ್ತದೆ. ಅದೇ ಜೋರಿನಲ್ಲಿ ತಳ್ಳಿದರೆ ಬೈಕ್ ಆ ಕಡೆಗೆ ಬೀಳುತ್ತದೆ. ಎರಡೂ ಕಡೆ ಗೀರಾಗಿ ಬರುವ ಬೈಕುಗಳ ಕಥೆ ಇದೇ. ಎಡಕ್ಕೆ ಬಿದ್ದಾಗಂತೂ ಸ್ಟ್ಯಾಂಡ್ ನಿಮ್ಮ ಕಡೆಯೇ ಇರುತ್ತದೆ, ಆಚೆ ಕಡೆ ತಡೆಯಲು ಏನೂ ಇರುವುದಿಲ್ಲ. ಆಗ ಒಬ್ಬರನ್ನು ಆಚೆ ಕಡೆ ನಿಲ್ಲಿಸಿಕೊಳ್ಳಿ. ಇಳಿಜಾರಿನ ತಗ್ಗಿನ ಕಡೆಗೆ ಬಿದ್ದಿದ್ದರೆ, ಸೊಂಟದ ತೊಂದರೆ ಇದ್ದರೆ, ವಯಸ್ಸಾಗಿದ್ದರೆ ಒಬ್ಬರೇ ಕೈ ಹಾಕಲೇಬೇಡಿ. ಪಕ್ಕದ ಮನೆಯವರನ್ನು ಕರೆಯಲು ಸಂಕೋಚ ಯಾಕೆ? ಅವರ ಮನೆ ಮುಂದೆಯೂ ಯಾವತ್ತೋ ಬಿದ್ದಿರುತ್ತದೆ.

ಎತ್ತಿ ಸ್ಟ್ಯಾಂಡ್ ಹಾಕಿದಿರಿ. ಸ್ಟಾರ್ಟ್ ಮಾಡಬೇಡಿ. ಬೈಕ್ ಅಡ್ಡ ಮಲಗಿದ್ದಾಗ ಎಂಜಿನ್ ಆಯಿಲ್ ತನ್ನ ಜಾಗದಲ್ಲಿ ಇರುವುದಿಲ್ಲ. ಎಂಜಿನ್ ಉಸಿರಾಡುವ ಪೈಪಿನಿಂದ ಏರ್ ಫಿಲ್ಟರ್ ಡಬ್ಬಿಗೆ ಹೋಗಬಹುದು. ಪಿಸ್ಟನ್ ರಿಂಗ್ ದಾಟಿ ಸಿಲಿಂಡರಿನ ಮೇಲ್ಭಾಗಕ್ಕೂ ಸ್ವಲ್ಪ ಸೇರಬಹುದು. ಅರ್ಧ ನಿಮಿಷ ಮಲಗಿದ್ದರೆ ಏನೂ ಆಗುವುದಿಲ್ಲ. ಬೆಳಗ್ಗೆ ಎದ್ದು ನೋಡುವಾಗ ಬಿದ್ದಿತ್ತು, ರಾತ್ರಿ ಯಾವಾಗಲೋ ಬಿದ್ದಿರಬೇಕು ಅನ್ನುವ ಗಾಡಿಯದ್ದು ಬೇರೆ ಲೆಕ್ಕ. ಸಿಲಿಂಡರಿನಲ್ಲಿ ಆಯಿಲೋ ಪೆಟ್ರೋಲೋ ತುಂಬಿಕೊಂಡಿದ್ದರೆ ಅದನ್ನು ಪಿಸ್ಟನ್ ಅದುಮಲು ಆಗುವುದಿಲ್ಲ. ಗಾಳಿಯನ್ನು ಅದುಮಬಹುದು, ದ್ರವವನ್ನು ಆಗದು. ಆ ಹೊತ್ತಿಗೆ ಸೆಲ್ಫ್ ಒತ್ತಿ ಹಿಡಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುವಷ್ಟು ಅನಾಹುತ ಆಗಬಹುದು. ಇದು ಅಪರೂಪ, ಆದರೆ ಹಾಗೇನಾದರೂ ಆಯಿತೋ, ಎಂಜಿನ್ ಬಿಚ್ಚಲೇಬೇಕು.

ಅದಕ್ಕೇ ಬೈಕನ್ನು ನೆಟ್ಟಗೆ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಒಂದು ಲೋಟ ಕಾಫಿ ಕುಡಿದು ಬನ್ನಿ. ಆಮೇಲೆ ಆಯಿಲ್ ಮಟ್ಟ ನೋಡಿ, ಕೆಳಗೆ ಸೋರಿದೆಯಾ ನೋಡಿ. ಸೆಲ್ಫ್ ಒತ್ತಿದಾಗ "ಟಕ್" ಅಂತ ನಿಂತುಬಿಟ್ಟರೆ, ಕಿಕ್ಕರ್ ಅರ್ಧಕ್ಕೇ ಗಟ್ಟಿಯಾದರೆ, ಬಲ ಹಾಕಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿನ ಒಳಗಿರುವುದನ್ನು ಹೊರಗೆ ಹಾಕಬೇಕು, ಅದು ಮೆಕ್ಯಾನಿಕ್ ಕೆಲಸ. ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತು ನೀಲಿ ಹೊಗೆ ಬಂದು ನಿಂತರೆ ಹೆದರಬೇಕಾಗಿಲ್ಲ, ಸೇರಿದ್ದ ಆಯಿಲ್ ಉರಿದು ಹೋಯಿತು ಅಷ್ಟೇ. ಹೊಗೆ ನಿಲ್ಲದಿದ್ದರೆ ಏರ್ ಫಿಲ್ಟರ್ ತೆಗೆದು ನೋಡಿಸಿ.

ರಸ್ತೆಗೆ ಇಳಿಸುವ ಮೊದಲು ಎಕ್ಸಲೇಟರ್ ನೋಡಲೇಬೇಕು. ಬಲಕ್ಕೆ ಬಿದ್ದ ಬೈಕಿನಲ್ಲಿ ಹ್ಯಾಂಡಲ್ ತುದಿಯ ತೂಕದ ಕಬ್ಬಿಣ ಒಳಕ್ಕೆ ಸರಿದು ಗ್ರಿಪ್ಪನ್ನು ಒತ್ತಿ ಹಿಡಿದಿರುತ್ತದೆ. ಎಂಜಿನ್ ಆಫ್ ಇರುವಾಗಲೇ ತಿರುಗಿಸಿ ಬಿಡಿ. ತಟ್ಟನೆ ವಾಪಸ್ ಬರಬೇಕು. ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿಯೂ ಹಾಗೇ ನೋಡಿ. ಡಿಸ್ಕ್ ಬ್ರೇಕ್ ಲಿವರ್ ಮೆತ್ತಗೆ ಒಳಕ್ಕೆ ಹೋದರೆ ಒಳಗೆ ಗಾಳಿ ಸೇರಿದೆ, ಓಡಿಸಬೇಡಿ. ಬ್ರೇಕ್ ಆಯಿಲ್ ಟ್ಯಾಂಕಿನ ಮೇಲೆ ಚೆಲ್ಲಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಬಣ್ಣ ತಿಂದುಬಿಡುತ್ತದೆ.

ಎಡಕ್ಕೆ ಬಿದ್ದಿದ್ದರೆ ಗಿಯರ್ ಲಿವರ್ ಒಳಕ್ಕೆ ಬಾಗಿ ಎಂಜಿನ್ ಕವರಿಗೆ ತಾಗಿರಬಹುದು. ಅದಕ್ಕೆ ರಾಡ್ ಹಾಕಿ ಎಳೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಬಲವೆಲ್ಲ ಗಿಯರ್ ಶಾಫ್ಟಿಗೆ ಹೋಗುತ್ತದೆ, ಆಯಿಲ್ ಸೀಲ್ ಸೋರಲು ಶುರುವಾಗುತ್ತದೆ. ಲಿವರ್ ಬಿಚ್ಚಿ ವೈಸಿನಲ್ಲಿ ಹಿಡಿದು ನೆಟ್ಟಗೆ ಮಾಡುವುದು ಐದು ನಿಮಿಷದ ಕೆಲಸ. ಕ್ಲಚ್, ಬ್ರೇಕ್ ಲಿವರುಗಳು ಅಲ್ಯೂಮಿನಿಯಂ. ಬಾಗಿದ್ದನ್ನು ಮತ್ತೆ ಬಾಗಿಸಿದರೆ ಅಲ್ಲೇ ಬಿರುಕು ಬಿಡುತ್ತದೆ, ಘಾಟಿ ಇಳಿಯುವಾಗ ಕೈಗೆ ಬರುತ್ತದೆ. ಹೊಸದು ಹಾಕಿಸಿ. ಹ್ಯಾಂಡಲ್ ಒಂದು ಕಡೆ, ಮುಂದಿನ ಚಕ್ರ ಒಂದು ಕಡೆ ನೋಡುತ್ತಿದ್ದರೆ ಫೋರ್ಕ್, ಅಂದರೆ ಮುಂದಿನ ಚಕ್ರದ ಎರಡು ಕಡೆಯ ಕಾಲುಗಳನ್ನು, ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ ಸರಿಮಾಡಬೇಕು.

ಮನೆಯಲ್ಲಿ ಬೈಕ್ ಬೀಳುವುದು ಯಾಕೆ? ನಮ್ಮ ಕಡೆ ಮುಖ್ಯ ಕಾರಣ ನೆಲ. ಸಮತಟ್ಟಾದ ಅಂಗಳವೇ ಕಡಿಮೆ. ಮೂತಿ ತಗ್ಗಿನ ಕಡೆ ಮಾಡಿ ನ್ಯೂಟ್ರಲ್‌ನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕ್ ಒಂದಿಷ್ಟು ಮುಂದೆ ಉರುಳಿದರೂ ಸಾಕು, ಸ್ಟ್ಯಾಂಡ್ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಮೂತಿ ಏರಿನ ಕಡೆ ಇರಲಿ, ಒಂದನೇ ಗಿಯರಿನಲ್ಲಿರಲಿ. ಗ್ಯಾರೇಜ್ ರಸ್ತೆಗಿಂತ ತಗ್ಗಿನಲ್ಲಿದ್ದರೆ ಹಿಮ್ಮುಖವಾಗಿ ಇಳಿಸಿ. ಎಡಗಡೆ ನೆಲ ಎತ್ತರ ಇದ್ದರೆ ಬೈಕ್ ತೀರಾ ನೆಟ್ಟಗೆ ನಿಲ್ಲುತ್ತದೆ, ಬಲಗಡೆ ನೇತುಹಾಕಿದ ತರಕಾರಿ ಚೀಲವೇ ಸಾಕು ಬೀಳಿಸಲು. ಬೈಕಿಗೆ ಕವರ್ ಹಾಕಿದ್ದರಂತೂ ಗಾಳಿಯೇ ತಳ್ಳುತ್ತದೆ.

ಮಳೆಗಾಲದಲ್ಲಿ ಇನ್ನೆರಡು ಸೇರಿಕೊಳ್ಳುತ್ತವೆ. ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡ್ ನಿಧಾನಕ್ಕೆ ಹೂತು ಹೋಗುತ್ತದೆ. ನಿಲ್ಲಿಸುವಾಗ ಸರಿಯಾಗಿಯೇ ಇರುತ್ತದೆ, ಮಧ್ಯರಾತ್ರಿ ದಡ್ ಅನ್ನುತ್ತದೆ. ಅಂಗೈ ಅಗಲದ ಚಪ್ಪಟೆ ಕಲ್ಲೋ ಹಲಗೆ ಚೂರೋ ಅಡಿಗೆ ಕೊಡಿ. ಇನ್ನೊಂದು ಪಾಚಿ. ಸಿಮೆಂಟ್ ಇಳಿಜಾರಿನ ಮೇಲೆ ಪಾಚಿ ಕಟ್ಟಿದರೆ ಚಕ್ರ ಜಾರುವ ಮೊದಲು ನಿಮ್ಮ ಕಾಲೇ ಜಾರುತ್ತದೆ. ಜೂನ್ ಬರುವ ಮೊದಲೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಹೊಸದಾಗಿ ಇಳಿಜಾರು ಮಾಡಿಸುವವರು ಸಿಮೆಂಟ್ ಹಸಿ ಇರುವಾಗಲೇ ಅಡ್ಡ ಗೆರೆ ಎಳೆಸಿ, ನುಣುಪು ಮಾಡಿಸಬೇಡಿ. ಹಳೇ ಮನೆಗಳಲ್ಲಿ ಹಲಗೆ ಇಟ್ಟು ಜಗಲಿಗೆ ಹತ್ತಿಸುವವರು ಹಲಗೆಯ ಪಕ್ಕ ನಿಮಗೂ ಕಾಲಿಡಲು ಒಂದು ಮೆಟ್ಟಿಲು ಇದೆಯಾ ನೋಡಿಕೊಳ್ಳಿ. ಬೈಕ್ ಮೇಲೆ ಹೋಗಿ ನೀವು ಕೆಳಗೆ ಉಳಿದರೆ ಹಿಡಿತ ತಪ್ಪುತ್ತದೆ.

ಬೈಕನ್ನು ಕೈಯಲ್ಲಿ ತಳ್ಳುವಾಗ ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಗಪ್ಪನೆ ಹಿಡಿಯಬೇಡಿ, ತಿರುಗಿಸಿದ ಕಡೆಗೇ ಮಗುಚುತ್ತದೆ. ಸ್ಕೂಟರನ್ನು ಎಂಜಿನ್ ಆನ್ ಇಟ್ಟುಕೊಂಡು ತಳ್ಳಬೇಡಿ. ಕಾಲು ಜಾರಿದಾಗ ಕೈ ತಾನಾಗಿ ಎಕ್ಸಲೇಟರ್ ತಿರುಗಿಸುತ್ತದೆ, ಸ್ಕೂಟರ್ ಗೋಡೆಗೆ ನುಗ್ಗುತ್ತದೆ. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಅಪಾಯ ಇನ್ನೂ ಜಾಸ್ತಿ, ಆನ್ ಇದೆಯೋ ಇಲ್ಲವೋ ಸದ್ದೇ ಇಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಆಫ್ ಮಾಡಿಯೇ ಇಳಿಯಿರಿ.

ಇನ್ಶೂರೆನ್ಸ್ ಬಗ್ಗೆ ಕೇಳುತ್ತಾರೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಏನೂ ಬರುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಕಳೆದು ಕೊಡುತ್ತಾರೆ. ಜೊತೆಗೆ ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ, 20ರಿಂದ 50 ಪರ್ಸೆಂಟ್ ತನಕದ ಪ್ರೀಮಿಯಂ ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್, ಹೋಗುತ್ತದೆ. ಲಿವರ್, ಇಂಡಿಕೇಟರ್‌ಗೆ ಕ್ಲೈಮ್ ಬೇಡ. ಟ್ಯಾಂಕ್ ಬದಲಿಸಬೇಕು ಅಂತಾದರೆ ಲೆಕ್ಕ ಹಾಕಿ ನೋಡಿ.

ಕೊನೆಗೆ, ನನ್ನಂಥವರ ಹತ್ತಿರ ಬಂದಾಗ ಬಿದ್ದದ್ದನ್ನು ಮುಚ್ಚಿಡಬೇಡಿ. "ಸುಮ್ನೆ ಒಂದ್ಸಲ ನೋಡಿ, ಯಾಕೋ ಹೊಗೆ ಬರ್ತಿದೆ" ಅಂತ ಬಿಟ್ಟುಹೋದರೆ ನಾವು ಇಲ್ಲದ ಕಾಯಿಲೆ ಹುಡುಕುತ್ತಾ ಕೂರುತ್ತೇವೆ, ಕೂಲಿ ನಿಮ್ಮದೇ. ಯಾವ ಕಡೆಗೆ ಬಿತ್ತು, ಎಷ್ಟು ಹೊತ್ತು ಮಲಗಿತ್ತು, ಬಿದ್ದಾಗ ಎಂಜಿನ್ ಆನ್ ಇತ್ತಾ, ಎತ್ತಿದ ಮೇಲೆ ಎಷ್ಟು ಸಲ ಸೆಲ್ಫ್ ಒತ್ತಿದಿರಿ, ಇಷ್ಟು ಹೇಳಿದರೆ ಅರ್ಧ ಕೆಲಸ ಆದ ಹಾಗೆ.